ಮಕ್ಕಳ ಕೈಗೆ ಮೊದಲ ಗಾಳ



ಬೇಸಿಗೆ ರಜೆ ಬಂದಿತೆಂದರೆ ಹಳ್ಳಿಯ ಮಕ್ಕಳ ಕಾಲು ತಾನಾಗಿಯೇ ಕೆರೆಯ ಕಡೆಗೆ ತಿರುಗುತ್ತದೆ. ಹಿರಿಯರು ಹೊಲಕ್ಕೆ ಹೋದ ಹೊತ್ತು ನೋಡಿಕೊಂಡು, ಬಗ್ಗಿಸಿದ ಗುಂಡುಸೂಜಿಗೆ ದಾರ ಕಟ್ಟಿ, ನಾಲ್ಕಾರು ಮಕ್ಕಳು ಜೊತೆಗೂಡಿ ಹೊರಡುವುದು ಎಲ್ಲ ಊರುಗಳಲ್ಲೂ ಇರುವ ಸಂಗತಿ. ಹೀಗೆ ಹೋದವರೆಲ್ಲರೂ ಸಂಜೆಗೆ ಮನೆಗೆ ಮರಳುತ್ತಾರೆಂಬ ಭರವಸೆಯಿಲ್ಲ. ಒಬ್ಬ ಹುಡುಗ ಜಾರಿ ಬಿದ್ದಾಗ ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನ ಹಿಂದೆ ಮತ್ತೊಬ್ಬ. ಒಂದೇ ಮನೆಯ ಇಬ್ಬರು ಮಕ್ಕಳು ಒಂದೇ ದಿನ ನೀರುಪಾಲಾದ ಸುದ್ದಿಯನ್ನು ಓದದವರು ನಮ್ಮಲ್ಲಿ ಕಡಿಮೆ.

ಕೆರೆಗೆ ಹೋಗಬೇಡವೆಂದು ಗದರಿಸುವುದು ಸುಲಭ. ಆದರೆ ಗದರಿಕೆ ಹಿರಿಯರ ಕಣ್ಣಳತೆಯವರೆಗೆ ಮಾತ್ರ ಕೆಲಸ ಮಾಡುತ್ತದೆ. ಅದರ ಬದಲು ಹಿರಿಯರೇ ಮುಂದಾಗಿ ಮಕ್ಕಳನ್ನು ಕರೆದೊಯ್ದು, ಗಾಳ ಹಿಡಿಯುವುದನ್ನೂ ನೀರಿನ ಗುಣವನ್ನೂ ಒಟ್ಟಿಗೆ ಕಲಿಸಿದರೆ ಆ ಪಾಠ ಮಕ್ಕಳ ಜೊತೆಯಲ್ಲೇ ಇರುತ್ತದೆ. ಇದಕ್ಕೆ ಎರಡು ಬೆಳಗಿನ ಸಮಯ ಮತ್ತು ಅಲ್ಪ ಖರ್ಚು ಸಾಕು. ಎಂಟು ವರ್ಷ ದಾಟಿದ ಎಂಟು ಮಕ್ಕಳು, ಅವರ ಜೊತೆಗೆ ಇಬ್ಬರು ದೊಡ್ಡವರು ಇದ್ದರೆ ಒಂದು ತಂಡವಾಯಿತು. ದೊಡ್ಡವರಲ್ಲಿ ಒಬ್ಬರಿಗಾದರೂ ಈಜು ಚೆನ್ನಾಗಿ ಬರಬೇಕು. ಹೆಣ್ಣುಮಕ್ಕಳನ್ನೂ ಕರೆದುಕೊಳ್ಳತಕ್ಕದ್ದು. ಬಟ್ಟೆ ಒಗೆಯಲು, ದನಕ್ಕೆ ನೀರು ಕುಡಿಸಲು ಕೆರೆಗೆ ಹೋಗುವವರಲ್ಲಿ ಅವರೂ ಸೇರಿದ್ದಾರೆ. ಮಾಂಸಾಹಾರ ಬಳಸದ ಮನೆಯವರಿದ್ದರೆ ತಂದೆತಾಯಿಗಳ ಒಪ್ಪಿಗೆ ಪಡೆದೇ ಮಗುವನ್ನು ಕರೆದೊಯ್ಯಬೇಕು.

ಸ್ಥಳದ ಆಯ್ಕೆ

ನಮ್ಮ ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಹೆಚ್ಚಿನ ಊರುಗಳಿಗೆ ಹತ್ತಿರದಲ್ಲೇ ಒಂದು ಕೆರೆಯುಂಟು. ಆದರೆ ಒಂದೇ ಕೆರೆಯಲ್ಲಿ ಮಕ್ಕಳನ್ನು ನಿಲ್ಲಿಸಬಹುದಾದ ಜಾಗಗಳೂ ನಿಲ್ಲಿಸಬಾರದ ಜಾಗಗಳೂ ಇರುತ್ತವೆ. ಏರಿಯ ಒಳಮೈ ಕಡಿದಾಗಿದ್ದು, ಕಲ್ಲಿನ ಮೇಲೆ ಪಾಚಿ ಬೆಳೆದಿರುತ್ತದೆ. ತೂಬು ತೆರೆದಿರುವಾಗ ಅದರ ಬಳಿ ನೀರು ಒಳಕ್ಕೆ ಎಳೆಯುತ್ತದೆ. ಕೋಡಿ ಹರಿಯುವಾಗ ಮೊಣಕಾಲೆತ್ತರದ ನೀರು ಕೂಡ ಮಗುವನ್ನು ಕೆಡವಬಲ್ಲದು. ಈ ಮೂರು ಕಡೆಗಳನ್ನು ಬಿಟ್ಟು, ಕೆರೆಯಂಗಳದ ಕಡೆಯಿಂದ ಇಳಿಜಾರು ನಿಧಾನವಾಗಿರುವ, ಗಟ್ಟಿ ನೆಲದ ಜಾಗವನ್ನು ಆರಿಸಬೇಕು.

ಅಂಗಳದಲ್ಲಿಯೂ ಒಂದು ಮೋಸವಿದೆ. ಹೂಳು ತೆಗೆಯಲು ಅಥವಾ ಮಣ್ಣು ಸಾಗಿಸಲು ಯಂತ್ರದಿಂದ ತೋಡಿದ ಗುಂಡಿಗಳು ನೀರು ತುಂಬಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಮೊಣಕಾಲೆತ್ತರದ ನೀರಿನಲ್ಲಿ ನಡೆಯುತ್ತಿದ್ದ ಮಗು ಮುಂದಿನ ಹೆಜ್ಜೆಗೆ ಎರಡಾಳು ಆಳಕ್ಕೆ ಇಳಿಯುವುದು ಹೀಗೆಯೇ. ಆದುದರಿಂದ ಹಿಂದಿನ ದಿನವೇ ಈಜು ಬಲ್ಲ ಒಬ್ಬರು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅದರ ತುದಿಯನ್ನು ದಡದಲ್ಲಿರುವ ಇನ್ನೊಬ್ಬರ ಕೈಗೆ ಕೊಟ್ಟು, ಉದ್ದ ಗಳುವಿನಿಂದ ಆ ಭಾಗದ ತಳವನ್ನು ಮುಟ್ಟಿ ನೋಡಿ, ದಡದ ಮೇಲೆ ಸುಣ್ಣದ ಗೆರೆ ಎಳೆಯಬೇಕು. ಮಕ್ಕಳು ಆ ಗೆರೆಯನ್ನು ದಾಟಕೂಡದು. ಗಾಳ ಹಾಕಲು ನೀರಿಗೆ ಇಳಿಯುವ ಅಗತ್ಯವೇ ಇಲ್ಲ.

ಕೃಷಿ ಹೊಂಡದಲ್ಲಿ ಈ ಪಾಠ ಬೇಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ಮೇಲೆ ಒಣಭೂಮಿಯ ಜಿಲ್ಲೆಗಳಲ್ಲಿ ಹೊಂಡಗಳು ಹೆಚ್ಚಿದವು. ಬೆಳೆಗೆ ಅವು ಬಹಳ ಉಪಕಾರಿ. ಆದರೆ ನೀರು ಇಂಗದಂತೆ ಪಾಲಿಥೀನ್ ಹಾಳೆ ಹೊದಿಸಿದ ಹೊಂಡದ ಬದಿ ಒದ್ದೆಯಾದಾಗ ಸಾಬೂನಿನಂತೆ ಜಾರುತ್ತದೆ. ಸುಮಾರು 3 ಮೀಟರ್ ಆಳದ ಅಂಥ ಹೊಂಡಕ್ಕೆ ಬಿದ್ದವರು ಈಜು ಬಲ್ಲವರಾದರೂ ಹತ್ತಿ ಬರುವುದು ಕಷ್ಟ.

ಕೆರೆಯ ಮೀನಿಗೆ ಒಡೆಯರಿದ್ದಾರೆಂಬುದನ್ನು ಮರೆಯಬಾರದು. ಮೀನು ಹಿಡಿಯುವ ಹಕ್ಕನ್ನು ಗ್ರಾಮ ಪಂಚಾಯಿತಿ ಅಥವಾ ಮೀನುಗಾರಿಕೆ ಇಲಾಖೆಯಿಂದ ಸಹಕಾರ ಸಂಘವೋ ಗುತ್ತಿಗೆದಾರರೋ ಪಡೆದಿರುತ್ತಾರೆ. ಅವರನ್ನು ಮೊದಲೇ ಕಂಡು ಅನುಮತಿ ಕೇಳಬೇಕು. ಹಾಗೆ ಕೇಳಲು ಹೋಗುವಾಗ ಇಬ್ಬರು ಮಕ್ಕಳನ್ನೂ ಕರೆದೊಯ್ದರೆ, ಕೆರೆ ಎಲ್ಲರದಾದರೂ ಅದರಲ್ಲಿ ಬಿತ್ತಿದ ಮೀನಿಗೆ ಯಾರದೋ ದುಡಿಮೆ ಸೇರಿದೆ ಎಂಬುದು ಅವರಿಗೆ ಮನದಟ್ಟಾಗುತ್ತದೆ.

ಸಲಕರಣೆ

ತಲಾ ಎರಡು ಮೀಟರ್ ಉದ್ದದ ತೆಳ್ಳನೆಯ ಬಿದಿರ ಗಳು, ಅದಕ್ಕಿಂತ ತುಸು ಗಿಡ್ಡನಾದ ನೈಲಾನ್ ದಾರ, ಸಣ್ಣ ಗಾತ್ರದ ಗಾಳ, ಒಂದು ಚಿಕ್ಕ ಸೀಸದ ಗುಂಡು, ತೇಲಲು ಒಂದು ಬೆಂಡು. ಒಣಗಿದ ಜೋಳದ ದಂಟಿನ ಬೆಂಡು ಒಂದು ಬೆಳಗಿನ ಕೆಲಸಕ್ಕೆ ಸಾಕು. ಮಕ್ಕಳೇ ಅದನ್ನು ಕತ್ತರಿಸಿ ಕಟ್ಟಿಕೊಳ್ಳಲಿ. ಗಾಳದ ತುದಿಯಲ್ಲಿರುವ ಒಳಮುಳ್ಳನ್ನು ದೊಡ್ಡವರು ಇಕ್ಕಳದಿಂದ ಅದುಮಿ ಮಟ್ಟ ಮಾಡಬೇಕು. ಒಳಮುಳ್ಳಿಲ್ಲದ ಗಾಳ ಮಗುವಿನ ಬೆರಳಿಗೆ ಚುಚ್ಚಿಕೊಂಡರೂ ಸಲೀಸಾಗಿ ಹೊರಬರುತ್ತದೆ. ನೀರಿಗೆ ಮರಳಿ ಬಿಡಬೇಕಾದ ಮೀನಿನ ಬಾಯಿಯೂ ಹರಿಯುವುದಿಲ್ಲ.

ಇದರ ಜೊತೆಗೆ ಎರಡು ವಸ್ತುಗಳು ದಡದಲ್ಲಿ ಇರಲೇಬೇಕು: ಒಂದು ಉದ್ದವಾದ ಗಟ್ಟಿ ಗಳು, ಮತ್ತು 10 ಮೀಟರ್ ಹಗ್ಗದ ತುದಿಗೆ ಕಟ್ಟಿದ, ಮುಚ್ಚಳ ಬಿಗಿದ ಐದು ಲೀಟರ್ ಪ್ಲಾಸ್ಟಿಕ್ ಕ್ಯಾನು. ಕ್ಯಾನಿನಲ್ಲಿ ಸ್ವಲ್ಪವೇ ನೀರು ಹಾಕಿದ್ದರೆ ಗಾಳಿಗೆ ಹಾರದೆ ಎಸೆದ ಕಡೆಗೆ ಹೋಗಿ ಬೀಳುತ್ತದೆ. ಉಳಿದ ಗಾಳಿ ಮುಳುಗುವವನನ್ನು ತೇಲಿಸುತ್ತದೆ.

ಎರೆಹುಳು ಹುಡುಕುವ ಪಾಠ

ಮೊದಲ ಬೆಳಗಿನ ಪಾಠ ಕೆರೆಯಲ್ಲಲ್ಲ, ಹೊಲದಲ್ಲಿ. ಮಕ್ಕಳಿಂದ ಎರಡು ಕಡೆ ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೆಗೆಸಬೇಕು. ಒಂದು, ಕೊಟ್ಟಿಗೆ ಗೊಬ್ಬರ ತಿಂದು ತೇವವಾಗಿರುವ ಬಾಳೆಯ ಬುಡದ ಹತ್ತಿರ. ಇನ್ನೊಂದು, ಕಸಕಡ್ಡಿಯನ್ನೆಲ್ಲ ಸುಟ್ಟು ಬಿಸಿಲಿಗೆ ಬಿಟ್ಟ ಬಯಲು ಹೊಲದಲ್ಲಿ. ಎರಡೂ ಗುಂಡಿಗಳಲ್ಲಿ ಸಿಕ್ಕ ಎರೆಹುಳುಗಳನ್ನು ಎಣಿಸಿ ಹೇಳಲಿ. ಮಣ್ಣಿನಲ್ಲಿ ಜೀವಾಂಶವೆಂದರೇನು ಎಂಬುದನ್ನು ಪುಸ್ತಕದಿಂದ ವಿವರಿಸುವುದಕ್ಕಿಂತ ಈ ಎಣಿಕೆ ಬೇಗ ಅರ್ಥವಾಗುತ್ತದೆ. ಬೇಕಾದಷ್ಟು ಹುಳುಗಳನ್ನು ಮಾತ್ರ ತೆಂಗಿನ ಚಿಪ್ಪಿನಲ್ಲಿ ಹಸಿಮಣ್ಣಿನೊಂದಿಗೆ ಇಟ್ಟುಕೊಂಡು, ಉಳಿದವನ್ನು ಗುಂಡಿಗೆ ಬಿಟ್ಟು ಮುಚ್ಚಿಸಬೇಕು. ಹುಳು ಚುಚ್ಚಲು ಮನಸ್ಸು ಒಗ್ಗದ ಮಗುವಿಗೆ ರಾಗಿಮುದ್ದೆಯ ಚೂರನ್ನೋ ಗಟ್ಟಿಯಾಗಿ ಕಲಸಿದ ಗೋಧಿಹಿಟ್ಟನ್ನೋ ಕೊಡಬಹುದು.

ಅದೇ ದಿನ ಒಣನೆಲದ ಮೇಲೆಯೇ ಗಳು ಹಿಡಿಯುವ ಅಭ್ಯಾಸವಾಗಲಿ. ಗಾಳವನ್ನು ತಲೆಯ ಮೇಲೆ ಬೀಸಿ ಎಸೆಯುವುದು ಸಲ್ಲದು. ದಾರದ ತುದಿಯನ್ನು ಒಂದು ಕೈಯಲ್ಲಿ ಹಿಡಿದು, ಗಳುವನ್ನು ಮುಂದಕ್ಕೆ ಚಾಚಿ, ಮೆಲ್ಲನೆ ಬಿಡಬೇಕು. ಒಬ್ಬರಿಂದೊಬ್ಬರಿಗೆ 5 ಮೀಟರ್ ಅಂತರವಿರಲಿ.

ಕೆರೆಯ ದಡದಲ್ಲಿ

ಎರಡನೆಯ ದಿನ ಬಿಸಿಲೇರುವ ಮೊದಲೇ ಕೆರೆ ಸೇರಬೇಕು. ಒಂಬತ್ತು ಗಂಟೆಯ ಹೊತ್ತಿಗೆ ಬೇಸಿಗೆಯ ಬಿಸಿಲು ಮಕ್ಕಳಿಗೂ ಮೀನಿಗೂ ಸಾಕಾಗುತ್ತದೆ. ದಡದಲ್ಲಿ ಓಡಾಡಿದರೆ ಹೆಜ್ಜೆಯ ಅದುರು ನೀರಿಗೆ ತಲಪಿ ಮೀನು ದೂರ ಸರಿಯುತ್ತದೆ. ಬೆಂಡಿನಿಂದ ಗಾಳದವರೆಗೆ ಒಂದರಿಂದ ಒಂದೂವರೆ ಅಡಿ ದಾರ ಇರಲಿ. ಬೆಂಡು ಸುಮ್ಮನೆ ಕುಣಿದರೆ ಮೀನು ಮೂಸುತ್ತಿದೆಯೆಂದು ತಿಳಿಯಬೇಕು. ಬೆಂಡು ಪೂರ್ತಿ ಮುಳುಗಿದಾಗ ಅಥವಾ ಪಕ್ಕಕ್ಕೆ ಸರಿದಾಗ ಮಣಿಕಟ್ಟಿನಿಂದ ಮೆಲ್ಲನೆ ಎತ್ತಬೇಕು. ಜೋರಾಗಿ ಎಳೆದರೆ ಗಾಳ ಹಾರಿ ಪಕ್ಕದವರ ಮುಖಕ್ಕೆ ಬರುತ್ತದೆ.

ಮೊದಲ ದಿನದ ಮೀನು ಬಹುಮಟ್ಟಿಗೆ ಜಿಲೇಬಿಯೇ. ತಿಲಾಪಿಯ ಎಂಬ ಈ ಆಫ್ರಿಕಾ ಮೂಲದ ಮೀನನ್ನು 1952ರಲ್ಲಿ ನಮ್ಮ ದೇಶಕ್ಕೆ ತರಲಾಯಿತು. ಎರಡು ಮೂರು ತಿಂಗಳಿಗೇ ಮರಿಗೆ ಬಂದು, ವರ್ಷದಲ್ಲಿ ಹಲವು ಬಾರಿ ಮರಿ ಮಾಡಿ ಕೆರೆ ತುಂಬಿಕೊಳ್ಳುತ್ತದೆ. ಗೆಂಡೆ ಮೀನುಗಳ ಆಹಾರಕ್ಕೂ ಪೈಪೋಟಿ ಕೊಡುತ್ತದೆ. ಆದುದರಿಂದ ಮಕ್ಕಳು ಎಷ್ಟು ಜಿಲೇಬಿ ಹಿಡಿದರೂ ಕೆರೆಗೆ ನಷ್ಟವಿಲ್ಲ. ತಾಯಿ ಜಿಲೇಬಿ ಮೊಟ್ಟೆಮರಿಗಳನ್ನು ಬಾಯಲ್ಲಿಟ್ಟುಕೊಂಡು ಕಾಪಾಡುತ್ತದೆ, ಆ ದಿನಗಳಲ್ಲಿ ಬಹುತೇಕ ಉಪವಾಸವಿರುತ್ತದೆ ಎಂಬುದನ್ನು ಹೇಳಿದರೆ ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ.

ಬೇರೆ ಮೀನು ಸಿಕ್ಕಾಗ ಅದರ ಬಾಯಿಯನ್ನು ತೋರಿಸಿ. ಕಾಟ್ಲಾ ಮೀನಿನ ಬಾಯಿ ಮೇಲ್ಮುಖವಾಗಿದೆ. ಅದು ನೀರಿನ ಮೇಲ್ಪದರದ ಸೂಕ್ಷ್ಮ ಪ್ರಾಣಿಗಳನ್ನು ತಿನ್ನುತ್ತದೆ. ಅಂಚು ನೆರಿಗೆಯಾದ ತುಟಿಯ ರೋಹು ನಡುನೀರಿನದು. ಮೃಗಾಲಿನ ಬಾಯಿ ಕೆಳಮುಖ. ತಳದಲ್ಲಿ ಕೊಳೆಯುವ ಪದಾರ್ಥ ಅದರ ಮೇವು. ಒಂದೇ ಹೊಲದಲ್ಲಿ ಬೇರೆ ಬೇರೆ ಆಳಕ್ಕೆ ಬೇರಿಳಿಸುವ ಬೆಳೆಗಳನ್ನು ಮಿಶ್ರವಾಗಿ ಬೆಳೆಯುವಂತೆಯೇ ಕೆರೆಯಲ್ಲಿ ಈ ಮೂರನ್ನೂ ಒಟ್ಟಿಗೆ ಸಾಕುತ್ತಾರೆ. ಇವು ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡುವ ಮೀನುಗಳು, ನಿಂತ ಕೆರೆಯಲ್ಲಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಎಂಬ ವಿಜ್ಞಾನಿಗಳು ಚುಚ್ಚುಮದ್ದಿನಿಂದ ಗೆಂಡೆಗಳಲ್ಲಿ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದ ಬಳಿಕ ಬಿತ್ತನೆ ಮರಿ ಹೇರಳವಾಗಿ ದೊರೆಯಲು ದಾರಿಯಾಯಿತು. ಕೆರೆಗೆ ಬಿಡುವ ಪ್ರತಿ ಗೆಂಡೆಮರಿಯೂ ಹಣ ಕೊಟ್ಟು ತಂದ ಬೀಜ. ಗಾಳಕ್ಕೆ ಬಿದ್ದ ಗೆಂಡೆಮರಿಯನ್ನು ಒದ್ದೆ ಕೈಯಿಂದ ಹಿಡಿದು ಕೂಡಲೇ ನೀರಿಗೆ ಬಿಡಬೇಕು. ಒಣಕೈ ತಾಗಿದರೆ ಮೈಮೇಲಿನ ಲೋಳೆ ಅಳಿಸಿ ಮೀನಿಗೆ ರೋಗ ತಗಲುತ್ತದೆ.

ಕೊರವ ಮೀನಿನ ಕೆಂಪುಮರಿಗಳು ಗುಂಪಾಗಿ ಮೇಲೆ ಆಡುತ್ತಿದ್ದರೆ ಅಲ್ಲಿ ಗಾಳ ಹಾಕಿಸಬೇಡಿ. ತಾಯಿತಂದೆ ಮೀನು ಅದರ ಕೆಳಗೇ ಕಾವಲಿರುತ್ತದೆ. ಅದನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನುಗಳ ಪಾಲಾಗುತ್ತವೆ. ಶೃಂಗೇರಿ, ಶಿಶಿಲದಂಥ ಕ್ಷೇತ್ರಗಳಲ್ಲಿ ದೇವರ ಮೀನೆಂದು ಹೊಳೆಯ ಒಂದು ಭಾಗದಲ್ಲಿ ಮೀನು ಹಿಡಿಯದೆ ಕಾಯ್ದುಕೊಂಡು ಬಂದಿರುವುದನ್ನು ಮಕ್ಕಳಿಗೆ ಈ ಸಂದರ್ಭದಲ್ಲಿ ತಿಳಿಸಬಹುದು.

ಚೇಳು ಮೀನು, ಗಿರ್ಲು ಮುಂತಾದವುಗಳ ರೆಕ್ಕೆಯ ಮುಳ್ಳು ಬಹಳ ನೋವು ಕೊಡುತ್ತದೆ. ಮೀಸೆಯಿರುವ ಮೀನನ್ನು ಮಕ್ಕಳು ಮುಟ್ಟದೆ ದೊಡ್ಡವರನ್ನು ಕರೆಯಬೇಕೆಂಬುದು ಕಟ್ಟುನಿಟ್ಟಿನ ನಿಯಮವಾಗಿರಲಿ. ಗಾಳ ಆಳವಾಗಿ ಚುಚ್ಚಿಕೊಂಡರೆ ಎಳೆಯದೆ, ದಾರ ಕತ್ತರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

ಮೀನಿಗೆ ನೋವಾಗುವುದಿಲ್ಲವೇ ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಇಲ್ಲವೆಂದು ಸುಳ್ಳು ಹೇಳಬೇಕಾಗಿಲ್ಲ. ತಿನ್ನಲು ಇಟ್ಟುಕೊಳ್ಳುವ ಮೀನನ್ನು ದಡದಲ್ಲಿ ಒದ್ದಾಡಲು ಬಿಡದೆ ತಲೆಗೆ ಒಂದೇ ಏಟು ಕೊಟ್ಟು ಮುಗಿಸಬೇಕು, ತಿನ್ನದ ಮೀನನ್ನು ಆಟಕ್ಕಾಗಿ ಕೊಲ್ಲಬಾರದು ಎಂದು ಹೇಳಿದರೆ ಮಗು ಒಪ್ಪುತ್ತದೆ. ಸಿಡಿಮದ್ದು ಮತ್ತು ವಿಷದಿಂದ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ಅಪರಾಧವೆಂಬುದನ್ನು ಅಲ್ಲಿಯೇ ತಿಳಿಸಿ. ಸಿಂಪಡಣೆ ಯಂತ್ರವನ್ನು ಕೆರೆಯಲ್ಲಿ ತೊಳೆಯುವ ನಮ್ಮ ಅಭ್ಯಾಸವೂ ಇದಕ್ಕೆ ಹತ್ತಿರದ್ದೇ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ ಮಾರಕ. ಮಕ್ಕಳು ನೋಡುತ್ತಿರುವಾಗ ಹಿರಿಯರು ಆ ಕೆಲಸ ನಿಲ್ಲಿಸುವುದು ಒಳಿತು.

ಅವಘಡ ಸಂಭವಿಸಿದರೆ

ಗಾಳ ಹಾಕುವ ಮುಂಚೆ ಈ ಅಭ್ಯಾಸವನ್ನು ಮಾಡಿಸಿ ಮುಗಿಸಿರಬೇಕು. ಒಬ್ಬ ದೊಡ್ಡವರು ನೆಲದ ಮೇಲೆ ಕುಳಿತು ಬಿದ್ದವರಂತೆ ನಟಿಸಲಿ. ಮಕ್ಕಳು ಮಾಡತಕ್ಕದ್ದು ಇಷ್ಟೇ: ಗಟ್ಟಿಯಾಗಿ ಕೂಗುವುದು, ಮಲಗಿಕೊಂಡು ಗಳು ಚಾಚುವುದು, ಗಳು ಎಟುಕದಿದ್ದರೆ ಕ್ಯಾನು ಎಸೆಯುವುದು. ನೀರಿಗೆ ಇಳಿಯಕೂಡದು, ಬಿದ್ದವನು ಸ್ವಂತ ತಮ್ಮನಾದರೂ ಸರಿಯೇ. ಇದನ್ನು ಪ್ರತಿ ಮಗುವೂ ಎರಡು ಬಾರಿ ಮಾಡಿ ತೋರಿಸಲಿ. ಗಳು ಚಾಚುವಾಗ ನಿಂತಿರುವ ಮಗುವನ್ನು ಮುಳುಗುವವನು ಒಳಕ್ಕೆ ಎಳೆದುಬಿಡುತ್ತಾನೆ. ಮಲಗುವುದು ಅದಕ್ಕಾಗಿಯೇ.

ಮೇಲೆತ್ತಿದ ಮಗುವನ್ನು ತಲೆಕೆಳಗಾಗಿ ಹಿಡಿದು ಜಾಡಿಸುವುದು, ಹೊಟ್ಟೆ ಅದುಮಿ ನೀರು ತೆಗೆಯಲು ನೋಡುವುದು ತಪ್ಪು. ಇದರಲ್ಲಿ ಬೆಲೆಬಾಳುವ ಸಮಯ ಕಳೆದುಹೋಗುತ್ತದೆ. ಮಗುವನ್ನು ಅಂಗಾತ ಮಲಗಿಸಿ, ಉಸಿರಾಟ ನಿಂತಿದ್ದರೆ ಗಲ್ಲ ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು ಮತ್ತು ಎದೆ ಒತ್ತುವುದು ಆಗಬೇಕು. ಅದೇ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಈ ವಿಧಾನವನ್ನು ಆರೋಗ್ಯ ಕೇಂದ್ರದ ಸಿಬ್ಬಂದಿಯಿಂದ ಮೊದಲೇ ಕೈಯಾರೆ ಕಲಿತುಕೊಳ್ಳುವುದು ಅಗತ್ಯ. ಮಗು ಎಚ್ಚೆತ್ತು ಮಾತಾಡಿದರೂ ವೈದ್ಯರಿಗೆ ತೋರಿಸದೆ ಬಿಡಬಾರದು.

ಪಾಠ ಮುಗಿದ ಮೇಲೆ

ಎಂಟು ಮಕ್ಕಳಲ್ಲಿ ಇಬ್ಬರಿಗೋ ಮೂವರಿಗೋ ಮೀನು ಸಿಕ್ಕೀತು. ಸಿಕ್ಕದ್ದನ್ನು ಎಲ್ಲರೂ ಹಂಚಿಕೊಳ್ಳಲಿ. ಮನೆಗೆ ಹೋಗುವ ಮುನ್ನ ತುಂಡಾದ ನೈಲಾನ್ ದಾರವನ್ನೆಲ್ಲ ಆರಿಸಿ ತರಿಸಬೇಕು. ಅದು ಕೊಕ್ಕರೆಯ ಕಾಲಿಗೂ ಮೇಯುವ ಕರುವಿನ ಗೊರಸಿಗೂ ಸುತ್ತಿಕೊಳ್ಳುತ್ತದೆ. ಬಳಿಕ ಪ್ರತಿ ಮಗುವಿನಿಂದಲೂ ಒಂದು ಮಾತು ಪಡೆಯಬೇಕು: ದೊಡ್ಡವರಿಲ್ಲದೆ, ಮನೆಯಲ್ಲಿ ಹೇಳದೆ ನೀರಿನ ಹತ್ತಿರ ಹೋಗುವುದಿಲ್ಲ ಎಂದು. ಕರೆದಾಗ ಜೊತೆಗೆ ಬರುವ ಹಿರಿಯರಿದ್ದಾರೆಂದು ಗೊತ್ತಿರುವ ಮಗು ಈ ಮಾತನ್ನು ಉಳಿಸಿಕೊಳ್ಳುತ್ತದೆ. ಆದುದರಿಂದ ತಿಂಗಳಿಗೊಮ್ಮೆಯಾದರೂ ಕರೆದೊಯ್ಯುವುದು ಹಿರಿಯರ ಕಡೆಯ ಮಾತು.

ವಿಸ್ತರಣಾ ಕಾರ್ಯಕರ್ತರು ಶಾಲೆ ಮುಚ್ಚುವ ಮೊದಲು ತಮ್ಮ ವೃತ್ತದಲ್ಲಿ ಇಂಥ ಒಂದು ತಂಡವನ್ನಾದರೂ ಸಿದ್ಧಪಡಿಸಲಿ. ಕೃಷಿ ಹೊಂಡವಿರುವ ರೈತರು ಅದಕ್ಕೂ ಕಾಯಬೇಕಾಗಿಲ್ಲ. ಹೊಂಡದ ಸುತ್ತ ಬೇಲಿ ಗಟ್ಟಿಮಾಡಿ, ನಾಲ್ಕು ಬದಿಗೂ ಗೂಟ ಹೊಡೆದು, ಅಡಿಗೊಂದು ಗಂಟು ಹಾಕಿದ ಹಗ್ಗವನ್ನು ತಳ ಮುಟ್ಟುವಂತೆ ಇಳಿಬಿಡಿ. ಒಂದು ಮಧ್ಯಾಹ್ನದ ಕೆಲಸ. ಈ ವಾರವೇ ಆಗಲಿ.