ಪೆನೋಲಾ ಜಲಸಂಧಿ

ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡಿನಿಂದ ನಾಲ್ಕು ಗಂಟೆ ಹಾದಿಯ ಪೆನೋಲಾ ಅಂದರೆ ಹೆಚ್ಚಿನವರಿಗೆ ಕೂನವಾರಾದ ದ್ರಾಕ್ಷಿತೋಟ ನೆನಪಾಗುತ್ತದೆ, ಕೆಲವರಿಗೆ ಸಂತ ಮೇರಿ ಮೆಕಿಲಪ್ ಅವರ ಶಾಲೆ. ನನಗೆ ನೆನಪಾಗುವುದು ಅಂಟಾರ್ಕ್ಟಿಕಾ! ಅಲ್ಲಿ ಗ್ರೇಹಮ್ ಲ್ಯಾಂಡ್ ಕರಾವಳಿಗೂ ಪೀಟರ್‌ಮನ್ ದ್ವೀಪಕ್ಕೂ ನಡುವೆ ಪೆನೋಲಾ ಜಲಸಂಧಿ ಇದೆ. ಸುಮಾರು 20 ಕಿಲೋಮೀಟರ್ ಉದ್ದ, 4 ಕಿಲೋಮೀಟರ್ ಅಗಲ.

ಈ ಹೆಸರಿನ ಕಥೆಗೆ ಮೊದಲು ಅನ್ವೇಷಕ ಹ್ಯೂಬರ್ಟ್ ವಿಲ್ಕಿನ್ಸ್ ಬರಬೇಕು. ಅವರು ದಕ್ಷಿಣ ಆಸ್ಟ್ರೇಲಿಯಾದವರೇ, ಮೌಂಟ್ ಬ್ರಯಾನ್ ಈಸ್ಟಿನಲ್ಲಿ ಹುಟ್ಟಿದವರು. 1928ರ ಡಿಸೆಂಬರ್ 20ರಂದು ಅಂಟಾರ್ಕ್ಟಿಕಾದ ಡಿಸೆಪ್ಶನ್ ದ್ವೀಪದಿಂದ ಪುಟ್ಟ ವಿಮಾನದಲ್ಲಿ ಪೈಲಟ್ ಐಲ್ಸನ್ ಜೊತೆ ಗ್ರೇಹಮ್ ಲ್ಯಾಂಡ್ ಮೇಲೆ ದಕ್ಷಿಣಕ್ಕೆ ಹಾರಿದರು. ಯಾರೂ ಕಾಣದ ನೆಲ! ಬೆಟ್ಟಗಳ ನಡುವೆ ಬೆಳ್ಳಗೆ, ಸಪಾಟಾಗಿ ಹಾದುಹೋದ ಪಟ್ಟಿಗಳು ಕಂಡವು. ಇವು ಹೆಪ್ಪುಗಟ್ಟಿದ ಕಡಲ ಹಾದಿಗಳು, ಈ ನೆಲ ದ್ವೀಪಗಳಾಗಿ ತುಂಡಾಗಿದೆ ಅಂದುಕೊಂಡರು. ಕ್ರೇನ್ ಚಾನೆಲ್, ಕೇಸಿ ಚಾನೆಲ್ ಅಂತ ಹೆಸರಿಟ್ಟರು. ಕೇಸಿ ಅಂದರೆ ಮುಂದೆ ನಮ್ಮ ಬಂಗಾಳಕ್ಕೆ ಗವರ್ನರ್ ಆಗಿ ಬಂದ ಆಸ್ಟ್ರೇಲಿಯಾದ ರಿಚರ್ಡ್ ಕೇಸಿ.

ಈಗ ನನ್ನ ನೆಚ್ಚಿನ ಜಾನ್ ರೈಮಿಲ್. 1905ರಲ್ಲಿ ಪೆನೋಲಾದಲ್ಲಿ, ಕುರಿ ಸಾಕುವ ಮನೆತನದಲ್ಲಿ ಹುಟ್ಟಿದವರು. 1934ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಬ್ರಿಟಿಷ್ ಗ್ರೇಹಮ್ ಲ್ಯಾಂಡ್ ಯಾತ್ರೆಯ ನಾಯಕ. ಮೂರು ಹಾಯಿಕಂಬಗಳ ಹಳೆಯ ಹಡಗಿಗೆ ತಮ್ಮ ಮನೆಯ ಹೆಸರನ್ನೇ ಇಟ್ಟರು: ಪೆನೋಲಾ. ಜಲಸಂಧಿಗೆ ಹೆಸರು ಬಂದದ್ದು ಆ ಹಡಗಿನಿಂದ.

ವಿಲ್ಕಿನ್ಸ್ ಕಂಡ ಹಾದಿಗಳಲ್ಲಿ ಹೊಕ್ಕು ಪೂರ್ವದ ಕಡಲಿಗೆ ದಾಟಬೇಕೆಂಬ ಆಸೆ ಅವರಿಗಿತ್ತು. 1936ರಲ್ಲಿ ವಿಮಾನದಿಂದ ಹುಡುಕಿದರು, ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ ಹುಡುಕಿದರು. ಹಾದಿಯೇ ಇಲ್ಲ! ಎದುರಿಗೆ ಎತ್ತರದ ಹಿಮದ ಪ್ರಸ್ಥಭೂಮಿ. ರೈಮಿಲ್ ಮತ್ತು ವೈದ್ಯ ಬಿಂಗಮ್ ಅದನ್ನೇ ಹತ್ತಿದರು. ಗ್ರೇಹಮ್ ಲ್ಯಾಂಡ್ ದ್ವೀಪಗಳ ಗುಂಪಲ್ಲ, ಖಂಡಕ್ಕೆ ಅಂಟಿದ ಪರ್ಯಾಯ ದ್ವೀಪ ಎಂದು ಖಚಿತವಾಯಿತು. ಇತ್ತ ಅವರ ಸಂಗಡಿಗರು ಇನ್ನೂ ದಕ್ಷಿಣದಲ್ಲಿ ನಿಜವಾದ ಕಡಲ ಹಾದಿಯೊಂದರೊಳಗೆ ಬಂಡಿ ಹೊಡೆದರು. ಅದೇ ಆರನೇ ಜಾರ್ಜ್ ಜಲಸಂಧಿ, ಮಂಜುಗಡ್ಡೆ ಮುಚ್ಚಿದ, ಸುಮಾರು 480 ಕಿಲೋಮೀಟರ್ ಉದ್ದದ ಹಾದಿ.

ಇಷ್ಟೆಲ್ಲ ಮಾಡಿದ ರೈಮಿಲ್ ಭೂಗೋಳ ಓದಿದ ಎಲೀನರ್ ಅವರನ್ನು ಮದುವೆಯಾಗಿ ಪೆನೋಲಾಕ್ಕೆ ಮರಳಿ ಜಮೀನು ನೋಡಿಕೊಂಡರು. 1968ರಲ್ಲಿ ತೀರಿಕೊಂಡರು. ಅಂಟಾರ್ಕ್ಟಿಕಾ ಅನ್ವೇಷಕ ಮಾಸನ್ ಹೆಸರು ಹೇಳುವ ನಮ್ಮ ಶಾಲೆಯ ಮಕ್ಕಳಿಗೆ ರೈಮಿಲ್ ಗೊತ್ತಿಲ್ಲ. ಇದು ನನಗೆ ಬಹಳ ನೋವಿನ ವಿಷಯ.

ಇನ್ನು ವಿಲ್ಕಿನ್ಸ್ ವಿಮಾನದಿಂದ ತೆಗೆದ ಫೋಟೋವನ್ನು ಮುಂದೆ ಅಳತೆಗಾರರು ತಾಳೆ ನೋಡಿದಾಗ ಕ್ರೇನ್ ಚಾನೆಲ್ ಒಂದು ಹಿಮನದಿ ಎಂದು ತಿಳಿಯಿತು. ಹೆಸರು ಕ್ರೇನ್ ಗ್ಲೇಸಿಯರ್ ಆಯಿತು. 2002ರಲ್ಲಿ ಅದರ ಮುಂದಿದ್ದ ಲಾರ್ಸೆನ್ ಬಿ ಎಂಬ ತೇಲುವ ಹಿಮಹಾಸು ಒಡೆದು ಚೂರಾಯಿತು, ತಡೆಯಿಲ್ಲದ ಹಿಮನದಿ ವೇಗವಾಗಿ ಹರಿದು, ಅದರ ಅಂಚು ಹಲವು ಕಿಲೋಮೀಟರ್ ಹಿಂದೆ ಸರಿಯಿತು. ಅಂದು ವಿಲ್ಕಿನ್ಸ್ ಕಡಲೆಂದುಕೊಂಡ ಆ ಕಣಿವೆಯ ಬಾಯಿಗೆ ಈಗ ಕಡಲು ನುಗ್ಗಿದೆ.