ಪಿಕ್ಚರ್ ಬಿಟ್ಟ ಮ್ಯಾಲೆ ಮಾತಾಡೂನು

(ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನೀವು ನಮ್ಮನ್ನು ಕರೆದದ್ದು ಪದ್ಯ ಓದ್ರಿ ಅಂತ. ಪದ್ಯ ಎಲ್ಲಿಗೂ ಓಡಿ ಹೋಗೂದಿಲ್ಲ. ಇವತ್ತು ಪಿಕ್ಚರ್ ಬಗ್ಗೆ ಮಾತಾಡೂನು ಅಂತ ಬಂದೀವಿ. ನಮ್ಮ ಪದ್ಯ ಓದಿದವರನ್ನು ಕೂಡಿಸಿದರೆ ಇಲ್ಲಿಯ ಎರಡು ಬೆಂಚು ತುಂಬೂದಿಲ್ಲ. ಪಿಕ್ಚರ್ ನೋಡದವರು ಮಾತ್ರ ಈ ಹಾಲಿನಲ್ಲಿ ಒಬ್ಬರೂ ಇಲ್ಲ.

ಹಾಸ್ಟೆಲ್ಲಿನ ಶನಿವಾರದ ರಾತ್ರಿ ಹೆಂಗಿರತೈತಿ, ನಿಮಗೆ ಹೇಳಬೇಕಾಗಿಲ್ಲ. ಊಟದ ತಾಟು ತೊಳೆದಿಟ್ಟ ಮೇಲೆ ಬಕೆಟ್ ಬೋರಲು ಹಾಕಿ, ಅದರ ಮೇಲೆ ಟ್ರಂಕಿಗೆ ಆನಿಸಿ ಮೊಬೈಲ್ ನಿಲ್ಲಿಸ್ತೀವಿ. ಎಂಟು ಮಂದಿ ಒಂದೇ ಚಾಪೆ ಮೇಲೆ. ಯಾರ ಮೊಬೈಲಿನಲ್ಲಿ ನೆಟ್ ಉಳಿದೈತೋ ಅಂವನೇ ಆ ರಾತ್ರಿಯ ಮಾಲಕ. ಹೀರೋನ ಹೆಸರಿನ ಮೇಲೆ ರೂಮು ಎರಡು ಪಾರ್ಟಿ ಆಗತೈತಿ, ಒಮ್ಮೊಮ್ಮೆ ಕೈ ಕೈ ಹತ್ತಿದ್ದೂ ಐತಿ. ಪಿಕ್ಚರ್ ಮುಗಿದ ಮೇಲೆ ಏನು ಮಾತು? 'ಹೆಂಗಿತ್ತಲೇ?' 'ಬೆಂಕಿ.' ಇಲ್ಲಾಂದ್ರ, 'ಬೋರು.' ಎರಡೂವರೆ ತಾಸು ಕಣ್ಣು ಕೆಂಪು ಮಾಡಿಕೊಂಡು ನೋಡಿದ್ದಕ್ಕೆ ಒಂದೇ ಒಂದು ಶಬ್ದ. ನಾವೂ ಹಂಗೇ ಇದ್ದೀವಿ, ಬ್ಯಾರೆ ಅಲ್ಲ.

ನೋಡುವ ಚಟ ನಮ್ಮ ಸೀಮೆಗೆ ಸಿನಿಮಾದಿಂದ ಬಂದದ್ದಲ್ಲ. ಶ್ರೀಕೃಷ್ಣ ಪಾರಿಜಾತ ಕಟ್ಟಿದ ತಮ್ಮಣ್ಣ ಈಗಿನ ಮೂಡಲಗಿ ತಾಲ್ಲೂಕಿನ ಕುಲಗೋಡದಾಂವ. ಅದೇ ಪಾರಿಜಾತಕ್ಕೆ ಹೆಸರು ತಂದ ನಿಂಗಮ್ಮ ನಮ್ಮ ಕೌಜಲಗಿಯಾಕಿ. ರಾತ್ರಿಯಿಡೀ ಆಟ, ಊರಿಗೆ ಊರೇ ಕೂಡೂದು. ಕೇರಿಯ ಹಿರಿಯರನ್ನು ಕೇಳಿರಿ, ಇನ್ನೊಂದು ಮಾತೂ ಹೇಳ್ತಾರ: ಹಲಗಿ ಬಡದು ಜನ ಕೂಡಿಸಿದವರು ನಾವು, ಕೂತು ನೋಡಾಕ ನಮಗ ಜಾಗ ಕಡೀಕ. ಅಂದ್ರ ಏನು ನೋಡಬೇಕು, ಎಲ್ಲಿ ಕೂತು ನೋಡಬೇಕು ಅನ್ನೂದನ್ನ ನಮಗಿಂತ ಮೊದಲು ಬ್ಯಾರೆಯವರು ಆರಿಸಿರತಿದ್ರು.

ಈಗ ಬೆರಳ ತುದೀಲೆ ಆರಿಸ್ತೀವಿ, ಈಗ ನಮ್ಮ ಇಷ್ಟ, ಅಂತೀರೇನು? ಒಂದು ಸಂಗತಿ ಹೇಳ್ತೀವಿ. 1960ರ ದಶಕದಿಂದ ಕನ್ನಡದಲ್ಲಿ ಡಬ್ಬಿಂಗಿಗೆ ಅಘೋಷಿತ ಬಂದೋಬಸ್ತು ಇತ್ತು. ಕಲಾವಿದರ, ಕಾರ್ಮಿಕರ ಹೊಟ್ಟೆಪಾಡು ಅನ್ನುವ ಕಾರಣ ಕೊಟ್ಟಿದ್ರು, ಅದು ಪೂರಾ ಸುಳ್ಳಲ್ಲ. ಆದರೆ 2012ರಲ್ಲಿ 'ಸತ್ಯಮೇವ ಜಯತೇ' ಅನ್ನುವ ಟಿವಿ ಕಾರ್ಯಕ್ರಮ ಬಂದಾಗ ಏನಾಯಿತು? ಅದರ ಒಂದು ಕಂತು ಅಸ್ಪೃಶ್ಯತೆಯ ಮೇಲೆ ಇತ್ತು. ತೆಲುಗಿನವರು, ತಮಿಳಿನವರು, ಮಲಯಾಳದವರು ತಂತಮ್ಮ ಮಾತಿನಲ್ಲಿ ನೋಡಿದರು. ಕನ್ನಡಕ್ಕೆ ಬರಗೊಡಲಿಲ್ಲ. ಹಿಂದಿ ತಿಳಿಯದ ನಮ್ಮ ಅವ್ವಗೆ ಅದು ಮೂಕಿ ಪಿಕ್ಚರ್ ಆಯಿತು. 2015ರಲ್ಲಿ ಸ್ಪರ್ಧಾ ಆಯೋಗ ಈ ತಡೆ ತಪ್ಪು ಅಂತ ಆದೇಶ ಕೊಟ್ಟಿತು. ಆ ಬಾಗಿಲು ತೆರೆದದ್ದರಿಂದಲೇ 2020ರಲ್ಲಿ 'ಮಹಾನಾಯಕ' ಧಾರಾವಾಹಿ ಕನ್ನಡ ಮಾತಾಡಿಕೊಂಡು ನಮ್ಮ ಮನೆಗೆ ಬಂತು. ಅದನ್ನು ನಿಲ್ಲಿಸಿ ಅಂತ ವಾಹಿನಿಯವರಿಗೆ ಬೆದರಿಕೆಯ ಕರೆ ಬಂದವು. ಉತ್ತರವಾಗಿ ಊರೂರ ಕೇರಿಗಳಲ್ಲಿ ಹುಡುಗರು ಪಟ್ಟಿ ಹಾಕಿ ಧಾರಾವಾಹಿಗೆ ಫ್ಲೆಕ್ಸ್ ಕಟ್ಟಿದರು. ಹೀರೋಗಳ ಫ್ಲೆಕ್ಸಿಗೆ ಹಾಲು ಸುರಿದ ಕೈಗಳು ಬಾಲಕ ಭೀಮರಾಯನ ಫ್ಲೆಕ್ಸಿಗೆ ಹಗ್ಗ ಬಿಗಿದವು. ಧಾರಾವಾಹಿಯಲ್ಲಿ ನಾಟಕೀಯತೆ ಅತಿ, ಸಂಗೀತ ಕಿವಿ ಕೊರೀತದೆ. ಆದರೂ ನಾವೇ ಆರಿಸಿ, ಇದು ನಮಗೆ ಬೇಕು ಅಂತ ಬೀದಿಯಲ್ಲಿ ನಿಂತು ಹೇಳಿದ್ದು ಸಣ್ಣ ಮಾತಲ್ಲ.

ಇನ್ನು ಈಚೆಗೆ ನಾವು ಕೂಡಿ ನೋಡಿದ ನಾಲ್ಕೈದು ಪಿಕ್ಚರಿನ ಮಾತು.

ಮೊದಲನೆಯದು 'ಫಂಡ್ರಿ'. ನಾಗರಾಜ ಮಂಜುಳೆಯ ಮರಾಠಿ ಚಿತ್ರ, 2014ರಲ್ಲಿ ಟಾಕೀಸಿಗೆ ಬಂತು. ಮಂಜುಳೆ ಸೊಲ್ಲಾಪುರ ಜಿಲ್ಲೆಯ ಕರಮಾಳಾ ತಾಲ್ಲೂಕಿನ ವಡ್ಡರ ಮನೆಯ ಹುಡುಗ. ಹುಕ್ಕೇರಿ, ಸಂಕೇಶ್ವರದವರಿಗೆ ಮರಾಠಿ ಹೇಳಿಕೊಡಬೇಕಾಗಿಲ್ಲ, ಗೋಕಾಕಿನವರಿಗೆ ಅರ್ಧ ತಿಳೀತು. ಫಂಡ್ರಿ ಅಂದ್ರ ಕೈಕಾಡಿ ಮಾತಿನಲ್ಲಿ ಹಂದಿ. ಬಾಯಲ್ಲಿ ಆಡಿ ನೋಡಿರಿ, ಹಂದಿ, ಪಂದಿ, ಫಂಡ್ರಿ, ಒಂದೇ ಬಳ್ಳಿಯ ಕಾಯಿ. ಜಬ್ಯಾ ಅನ್ನುವ ಹುಡುಗನ ಮನೆಯವರು ಹಂದಿ ಹಿಡಿಯುವಾಗ ಸಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗತೈತಿ. ಇಡೀ ಕುಟುಂಬ ಇದ್ದಲ್ಲೇ ನೆಟ್ಟಗೆ ನಿಲ್ಲತೈತಿ. ಹಂದಿಗೆ ರಾಷ್ಟ್ರಗೀತೆ ಗೊತ್ತಿಲ್ಲ, ಅದು ಓಡಿ ಹೋಗತೈತಿ. ಆಮೇಲೆ ಹಿಡಿದ ಹಂದಿಯನ್ನು ಹೊತ್ತುಕೊಂಡು ಸಾಲೆಯ ಗೋಡೆಯ ಮುಂದೆ ಹಾಯ್ತಾರ. ಗೋಡೆಯ ಮೇಲೆ ಬಾಬಾಸಾಹೇಬರು, ಜೋತಿಬಾ ಫುಲೆ, ಸಾವಿತ್ರಿಬಾಯಿ, ಶಾಹು ಮಹಾರಾಜರ ಚಿತ್ರಗಳು. ಯಾರೂ ಏನೂ ಹೇಳೂದಿಲ್ಲ. ಕಡೆಗೆ ಜಬ್ಯಾ ಕಲ್ಲು ಬೀಸ್ತಾನ, ಅದು ನೋಡುವ ನಮ್ಮ ಮುಖಕ್ಕೇ ಬರತೈತಿ.

ನಮ್ಮ ರೂಮಿನಲ್ಲಿ ಆ ಕಲ್ಲು ಅರ್ಧ ತಾಸು ಮೊದಲೇ ಬಿದ್ದಿತ್ತು. ಹಂದಿಯ ಹಿಂದೆ ಅಕ್ಕ ತಂಗಿ ಅಪ್ಪ ಓಡುವಾಗ ರೂಮಿನಲ್ಲಿ ನಗು ಎದ್ದಿತು. ಪಿಕ್ಚರಿನಲ್ಲಿ ಊರ ಹುಡುಗರು ನಗತಾರ, ನಾವೂ ಅವರ ಜೋಡಿ ನಕ್ಕೆವು. ಮೂಡಲಗಿ ಕಡೆಯ ಒಬ್ಬ ಹುಡುಗ ಎದ್ದು ಹೊರಗೆ ಹೋದ. ಉಚ್ಚಿಗೆ ಹೋಗಿರಬೇಕು ಅಂತ ನಾವು ನೋಡತಾನೇ ಇದ್ದೆವು. ಮುಗಿದ ಮೇಲೆ ನೋಡಿದರೆ ನೀರಿನ ಟಾಕಿಯ ಹತ್ತಿರ ಕೂತಾನ. ಅಂವ ಕೊರವರ ಮನೆಯ ಹುಡುಗ ಅನ್ನೂದು ನಮಗೆ ಗೊತ್ತಿತ್ತು, ಆದರೆ ನೆನಪಿರಲಿಲ್ಲ. 'ಪಿಕ್ಚರ್ ಛಲೋ ಐತಿ. ನೀವು ಛಲೋ ಇಲ್ಲ' ಅಂದ. ಅಷ್ಟೇ ಅಂದ.

ಗೆಳೆಯರೇ, ಒಂದೇ ಹಾಸ್ಟೆಲ್, ಒಂದೇ ಸಾರು, ಒಂದೇ ಕೆಟಗರಿ ಅಂತ ನಾವು ಎದೆ ತಟ್ಟಿಕೊಳ್ತೀವಿ. ಹೊಲೆಯರ ಹುಡುಗ, ಮಾದಿಗರ ಹುಡುಗ, ವಡ್ಡರ ಹುಡುಗ, ಕೊರವರ ಹುಡುಗ ಒಂದೇ ಚಾಪೆಯ ಮೇಲೆ ಕೂತರೂ ನಗು ಮಾತ್ರ ಮೇಲಿಂದ ಕೆಳಗೆ ಇಳೀತದೆ. ಇದನ್ನು ನಮಗೆ ಭಾಷಣ ಕಲಿಸಲಿಲ್ಲ. ಆ ಹುಡುಗ ಕಲಿಸಿದ. ಅವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡೆವು. ಪಿಕ್ಚರ್ ಬಿಟ್ಟ ಮೇಲೆ ಯಾರೂ ಮಲಗುವಂತಿಲ್ಲ. ಲೈಟು ಹಾಕಿ ಕೂಡಬೇಕು. 'ಬೆಂಕಿ', 'ಬೋರು' ಎರಡು ಶಬ್ದ ಬಿಟ್ಟು ಬ್ಯಾರೆ ಮಾತಿನಲ್ಲಿ ಹೇಳಬೇಕು. ಮೊದಲು ಮಾತು ಕಡಿಮೆ ಆಡುವವನು ಮಾತಾಡಬೇಕು. (ನಾವು ಕವಿಗಳು ಕಡೆಗೆ. ಇದಕ್ಕೆ ಎಲ್ಲರೂ ಭಾಳ ಖುಷಿಯಿಂದ ಒಪ್ಪಿದರು.)

ಮಂಜುಳೆಯದೇ 'ಸೈರಾಟ್' 2016ರದ್ದು. ಅದರ ಝಿಂಗಾಟ್ ಹಾಡಿಗೆ ಕುಣಿಯದ ಮದುವೆ ನಮ್ಮ ಕಡೆ ಯಾವುದೈತಿ? ಅದೇ ಚಿತ್ರ ಕೊಲೆಯಾದ ಅಪ್ಪ ಅವ್ವನ ರಕ್ತ ತುಳಿದ ಕೂಸಿನ ಹೆಜ್ಜೆಗಳಲ್ಲಿ, ಸಪ್ಪಳಿಲ್ಲದೆ ಮುಗೀತದೆ. ಹಾಡು ಡಿಜೆಗೆ ಬಂತು, ಹೆಜ್ಜೆ ಬರಲಿಲ್ಲ.

ತಮಿಳಿನ 'ಪರಿಯೇರುಂ ಪೆರುಮಾಳ್' (2018) ನೋಡಿದ್ದು ಇಂಗ್ಲಿಷ್ ಅಕ್ಷರದ ಸಹಾಯದಿಂದ. ನಮ್ಮಲ್ಲೊಬ್ಬ ಓದಿ ಓದಿ ಗೋಕಾಕಿನ ಕನ್ನಡದಲ್ಲಿ ಕೂಗಿ ಹೇಳತಿದ್ದ. ಮಾರಿ ಸೆಲ್ವರಾಜ್ ತೆಗೆದ ಈ ಚಿತ್ರದ ಹುಡುಗ ಲಾ ಕಾಲೇಜಿಗೆ ಬರ್ತಾನ, ಇಂಗ್ಲಿಷ್ ತಿಳಿಯದೆ ಕ್ಲಾಸಿನಲ್ಲಿ ಒದ್ದಾಡ್ತಾನ. ಕೂಗಿ ಹೇಳುತ್ತಿದ್ದವನು ಅಲ್ಲಿಗೆ ಬಂದಾಗ ಸುಮ್ಮನಾದ. ಯಾರೂ 'ಮುಂದ ಹೇಳಲೇ' ಅನ್ನಲಿಲ್ಲ. ಬಿ.ಎ. ಮೊದಲ ವರ್ಷ ನಾವೆಲ್ಲ ಹಿಂದಿನ ಬೆಂಚಿನಲ್ಲಿ ಏನು ಉಂಡೀವಿ ಅನ್ನೂದು ಗೊತ್ತಿದ್ದದ್ದೇ. ಆ ಹುಡುಗನ ಅಪ್ಪ ಹೆಣ್ಣು ವೇಷ ಹಾಕಿ ಕುಣಿಯುವ ಕಲಾವಿದ. ಕಾಲೇಜಿಗೆ ಬಂದ ಅಪ್ಪನ ಪಂಚೆ ಸೆಳೆದು ಓಡಿಸ್ತಾರ. ಪಾರಿಜಾತ, ಸಣ್ಣಾಟಗಳಲ್ಲಿ ಹೆಣ್ಣು ಪಾತ್ರ ಮಾಡಿದ ಹಿರಿಯರು ನಮ್ಮ ಮನೆಗಳಲ್ಲೂ ಅದಾರ. ಅವರನ್ನು ಕಾಲೇಜಿಗೆ ಕರೆದೊಯ್ಯಲು ನಾಚಿದ ಮಕ್ಕಳು ನಾವೇ.

'ಜೈ ಭೀಮ್' (2021) ಮೇಲೆ ಜಗಳಾತು. ಲಾಕಪ್ಪಿನಲ್ಲಿ ಸತ್ತವನ ಹೆಂಡತಿ ಸೆಂಗೇಣಿ ಗಟ್ಟಿ ಹೆಣ್ಣು, ಆದರೆ ಎಲ್ಲಾ ಗೆಲುವೂ ವಕೀಲರ ಕರಿ ಕೋಟಿನ ಕಿಸೆಗೆ ಯಾಕ ಹೋತು ಅಂತ ಒಂದು ಪಾರ್ಟಿ. ಕೋಟು ಹಾಕಿದವರು ನ್ಯಾಯಮೂರ್ತಿ ಚಂದ್ರು, ನಿಜವಾಗಿ ನಡೆದ ಕೇಸು ಅದು, ಅಂತ ಇನ್ನೊಂದು ಪಾರ್ಟಿ. ರಾತ್ರಿ ಎರಡಾದರೂ ತೀರ್ಮಾನ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ಇಷ್ಟಾದ ಮೇಲೆ ಹಳೆಯದೊಂದು ನೋಡೂನು ಅಂತ 'ಚೋಮನ ದುಡಿ' ತೆಗೆದುಕೊಂಡೆವು. ಅದನ್ನು ರೂಮಿನಲ್ಲಿ ಬ್ಯಾಡ, ಭವನದಲ್ಲಿ ಗ್ವಾಡಿ ಮೇಲೆ ಹಾಕೂನು, ಹುಡುಗಿಯರ ಹಾಸ್ಟೆಲ್ಲಿನವರೂ ಬರಲಿ ಅಂತಾತು. ಅವರಿಗೆ ಸಂಜೆ ಆರರ ಮೇಲೆ ಹೊರಗಿರಲು ಅಪ್ಪಣೆ ಇಲ್ಲ. ಅದಕ್ಕೆ ಐತವಾರ ಮಧ್ಯಾಹ್ನ ಇಟ್ಟೆವು. ಇಷ್ಟು ದಿನ ಬರೇ ರಾತ್ರಿ ಆಟ ಇಟ್ಟು, ಅವರು ಯಾಕ ಬರೂದಿಲ್ಲ ಅಂತ ಆಶ್ಚರ್ಯಪಟ್ಟ ಶಾಣ್ಯಾರು ನಾವು.

ಶಿವರಾಮ ಕಾರಂತರ 1933ರ ಕಾದಂಬರಿ. ಬಿ.ವಿ. ಕಾರಂತರು 1975ರಲ್ಲಿ ಚಿತ್ರ ಮಾಡಿದರು. ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾವ್ ಅವರಿಗೆ ದೇಶದ ಶ್ರೇಷ್ಠ ನಟ ಅನ್ನುವ ಪ್ರಶಸ್ತಿ ಬಂತು. ಚೋಮನಿಗೆ ಬೇಕಾದದ್ದು ಒಂದೇ, ಒಂದು ತುಂಡು ಹೊಲ ಸ್ವಂತ ಉಳಬೇಕು. ಎತ್ತು ಅದಾವ, ಭೂಮಿ ಇಲ್ಲ. ಒಡೆಯ ಕೊಡೂದಿಲ್ಲ. ನಾವು ಎದ್ದು ನಿಂತು ಜೋರು ವ್ಯಾಖ್ಯಾನ ಮಾಡಿದೆವು. ಈ ಚಿತ್ರ ಬಂದಾಗ ಉಳುವವನೇ ಒಡೆಯ ಅನ್ನುವ ತಿದ್ದುಪಡಿ ಕಾಯ್ದೆ ಜಾರಿಗೆ ಬಂದು ಒಂದೇ ವರ್ಷ, 1974ರದ್ದು. ಆದರೆ ಆ ಕಾಯ್ದೆಯಿಂದ ಭೂಮಿ ಸಿಕ್ಕದ್ದು ಗೇಣಿದಾರನಿಗೆ. ಚೋಮ ಗೇಣಿದಾರನಲ್ಲ, ಜೀತದ ಆಳು. ಅರ್ಜಿ ಹಾಕಲು ಅವನ ಹೆಸರು ಯಾವ ಕಾಗದದಲ್ಲೂ ಇಲ್ಲ. ನಮ್ಮ ಕೇರಿಯ ಎಷ್ಟೋ ಮನೆಗಳಿಗೆ ಆಗಲೂ ಭೂಮಿ ಬರದೇ ಹೋದದ್ದು ಹಿಂಗೇ. ಈ ಮಾತಿಗೆ ಚಪ್ಪಾಳೆ ಬಿತ್ತು. ದುಡಿ ಬಾರಿಸುತ್ತ ಸಾಯೂದು ಯಾಕ, ಬೀದಿಗೆ ಬಂದು ಬಾರಿಸಬೇಕಿತ್ತು, ಬರೆದವರೂ ತೆಗೆದವರೂ ಹೊರಗಿನವರು, ಅದಕ್ಕೇ ನಮ್ಮವನನ್ನು ಕದ ಹಾಕಿ ಸಾಯಿಸಿದರು ಅಂತಲೂ ಹೇಳಿದೆವು. ಇನ್ನೂ ದೊಡ್ಡ ಚಪ್ಪಾಳೆ.

ಆಗ ಹಿಂದೆ ಕೂತಿದ್ದ ಹುಕ್ಕೇರಿ ಕಡೆಯ ಒಬ್ಬ ತಂಗಿ ಎದ್ದಳು. ಕೈಯಲ್ಲಿ ದುಪ್ಪಟ್ಟಾದ ತುದಿ ಹಿಂಡತಿದ್ದಳು.

'ಅಣ್ಣಾರ, ಚೋಮನ ಸಾಲ ತೀರಿಸಿದವರು ಯಾರ್ರಿ?' ಅಂತ ಕೇಳಿದಳು.

ನಾವು ಸುಮ್ಮನಾದೆವು. ಒಬ್ಬ ಮಗ ರೋಗ ಬಂದು ಸತ್ತ, ಇನ್ನೊಬ್ಬ ಮತ ಬಿಟ್ಟು ಹೋದ. ಸಾಲ ತೀರಿದ್ದು ಮಗಳು ಬೆಳ್ಳಿಯಿಂದ. ತೋಟದಲ್ಲಿ ಅವಳ ಮೈಯೇ ಆ ಸಾಲಕ್ಕೆ ಬೆಲೆಯಾಯಿತು. ಕಡೆಗೆ ಅಪ್ಪ ಆ ಮಗಳನ್ನೇ ಹೊರಗೆ ಹಾಕಿದ, ಆಮೇಲೆ ದುಡಿ ತಗೊಂಡ. ಎರಡು ತಾಸಿನ ನಮ್ಮ ಭಾಷಣದಲ್ಲಿ ಬೆಳ್ಳಿಯ ಹೆಸರು ಒಮ್ಮೆಯೂ ಬಂದಿರಲಿಲ್ಲ.

ಅವಳು ಅಷ್ಟಕ್ಕೇ ಕೂಡಲಿಲ್ಲ. 'ನೀವು ಆರಿಸಿದ ಪಿಕ್ಚರೆಲ್ಲಾ ನೋಡೀನ್ರಿ, ಗೆಳತ್ಯಾರ ಮೊಬೈಲಿನ್ಯಾಗ. ಎಲ್ಲಾದರಾಗೂ ಅಪ್ಪಗ ಅವಮಾನ ಆಗತೈತಿ, ಮಗಗ ಸಿಟ್ಟು ಬರತೈತಿ. ನಮ್ಮವ್ವನ ಕೊಳ್ಳಾಗ ಮುತ್ತು ಕಟ್ಯಾರ. ನಮ್ಮನ್ಯಾಗ ಅಪ್ಪನ ಇಲ್ಲ. ಅರ್ಜಿಯೊಳಗ ತಂದಿ ಹೆಸರು ಅನ್ನೂ ಜಾಗಕ್ಕ ಬಂದಾಗ ಪೆನ್ ನಿಲ್ಲತೈತಿ. ನಾ ಯಾವ ಪಿಕ್ಚರ್ ನೋಡ್ಲಿ, ಹೇಳ್ರಿ' ಅಂದಳು.

ಸವದತ್ತಿ ನಮಗೇನು ದೂರ ಅಲ್ಲ. ದೇವದಾಸಿ ಬಿಡುವುದನ್ನು ನಿಷೇಧಿಸಿದ ಕಾಯ್ದೆ 1982ರದ್ದು. ಹಾಸ್ಟೆಲ್ಲುಗಳಲ್ಲಿ ಅಂಥ ತಾಯಂದಿರ ಮಕ್ಕಳು ನಮ್ಮ ಪಕ್ಕದಲ್ಲೇ ಉಣ್ಣುತಾರ. ನಾವು ನೋಡಿದ ಪಿಕ್ಚರುಗಳಲ್ಲಿ ಚೌಡಿಕೆ ಹಿಡಿದ ಜೋಗತಿ ಒಂದು ಹಾಡಿಗೆ ಬರ್ತಾಳ, ಇಲ್ಲಾ ನಗಿಸಾಕ ಬರ್ತಾಳ, ಹೋಗ್ತಾಳ. ಮನೆಗೆ ಹೋಗಿ ಮಗಳ ಫೀ ಹೊಂದಿಸುವ ಜೋಗತಿಯನ್ನು ನಾವು ತೆರೆಯ ಮೇಲೆ ಕಂಡಿಲ್ಲ. ನಾಲ್ಕು ಮಂದಿ ಕೂಡಿ ಹೆಸರು ಹುಡುಕಿದೆವು, ಒಂದೂ ಹೇಳಲಾಗಲಿಲ್ಲ. ಹಂಗಂತ ಅವಳಿಗೆ ಹೇಳಿದೆವು. 'ಹೌದಲ್ಲ?' ಅಂದು ಕೂತಳು.

ಆ ಐತವಾರ ರಾತ್ರಿ ಬೆಳ್ಳಿ ಇರುವ ದೃಶ್ಯಗಳನ್ನಷ್ಟೇ ಮತ್ತೆ ನೋಡಿದೆವು. ಅದು ಬ್ಯಾರೆಯೇ ಪಿಕ್ಚರ್. ಕದದ ಒಳಗೆ ದುಡಿ ಬಾರಿಸುವವನನ್ನು ನೋಡಿ ಅತ್ತಿದ್ದೆವು, ಕದದ ಹೊರಗೆ ಉಳಿದವಳು ಮುಂದೆ ಎಲ್ಲಿಗೆ ಹೋದಳು ಅಂತ ಕೇಳಿರಲಿಲ್ಲ. ಕೊರವರ ಹುಡುಗನೂ ಇದ್ದ, ಅವತ್ತು ಮೊದಲು ಮಾತಾಡಿದ್ದು ಅಂವನೇ.

ಮುಂದಿನ ಐತವಾರ ಮಧ್ಯಾಹ್ನ ಎರಡಕ್ಕೆ ಇದೇ ಭವನದಲ್ಲಿ ಆಟ. ಆರಿಸುವ ಸರದಿ ಹುಡುಗಿಯರ ಹಾಸ್ಟೆಲ್ಲಿನದು. ಮೂಡಲಗಿಯವರು ಸ್ಪೀಕರ್ ತರಬೇಕು, ಹೋದ ಸಲದ್ದು ಗೊರಗೊರ ಅಂತಿತ್ತು. ಯಾವ ಪಿಕ್ಚರ್ ಅಂತ ಅವರು ಇನ್ನೂ ಹೇಳಿಲ್ಲ. ನಾವೂ ಕೇಳಿಲ್ಲ.