ನೇರಳೆ ಎಲೆಯ ಕಾರ್ಡಿಲೈನ್ ಗಿಡದ ಬೇಸಾಯವೂ ಉಪಯೋಗವೂ
(ಬೆಂಗಳೂರಿನ ದಕ್ಷಿಣ ಭಾಗದ ಭೂಹಿಡುವಳಿದಾರರಿಗೂ ಗ್ರಾಮದ ಹಿರಿಯರಿಗೂ ಮಾಡಿದ ಉಪನ್ಯಾಸ)



ಜಯನಗರ, ಬನಶಂಕರಿಗಳ ಮನೆಯಂಗಳಗಳಲ್ಲಿ ನೇರಳೆ ಬಣ್ಣದ ನೀಳವಾದ ಎಲೆಗಳುಳ್ಳ ಗಿಡವೊಂದನ್ನು ತಾವೆಲ್ಲರೂ ಕಂಡಿರಬಹುದು. ಇದನ್ನು ಡ್ರಸೀನವೆಂದು ಕರೆಯುವ ವಾಡಿಕೆಯುಂಟು. ವಾಸ್ತವವಾಗಿ ಇದು ಕಾರ್ಡಿಲೈನ್ ಎಂಬ ಬೇರೆ ಕುಲದ್ದು. ಬೇರನ್ನು ಕೊಯ್ದು ನೋಡಿದರೆ ಸಂಶಯವು ತೀರುವುದು. ಒಳಭಾಗವು ಬೆಳ್ಳಗಿದ್ದರೆ ಕಾರ್ಡಿಲೈನ್, ಹಳದಿಯಾಗಿದ್ದರೆ ಡ್ರಸೀನ.

ಪೂರ್ವಕಾಲದ ನಾವಿಕರು ಇದರ ಕಾಂಡದ ತುಂಡುಗಳನ್ನು ದೋಣಿಗಳಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಿಗೆ ಒಯ್ದರು. ನಮ್ಮವರು ಅರಿಶಿನದ ಎಲೆಯಲ್ಲಿ ಕಡುಬನ್ನು ಬೇಯಿಸುವಂತೆ ಹವಾಯಿ ದ್ವೀಪದವರು ಇದರ ಎಲೆಯಲ್ಲಿ ಆಹಾರವನ್ನು ಸುತ್ತಿ ಬೇಯಿಸುವರು. ಅದಕ್ಕೆ ಒದಗುವುದು ಬಹುಮಟ್ಟಿಗೆ ಹಸುರೆಲೆಯ ಬಗೆ. ಗೆಡ್ಡೆಯಂತಹ ಬೇರನ್ನು ನೆಲದೊಲೆಯಲ್ಲಿ ದಿನಗಟ್ಟಲೆ ಬೇಯಿಸಿದರೆ ಬೆಲ್ಲದಂತೆ ಸಿಹಿಯಾಗುವುದು.

ನ್ಯೂಗಿನಿಯಲ್ಲಿ ಇದನ್ನು ಹೊಲದ ಎಲ್ಲೆಯ ಗುರುತಿಗೆ ನೆಡುವರು. ಈ ಸಂಗತಿಯನ್ನು ಕೇಳಿ ಇಲ್ಲಿಯೂ ಹಾಗೆಯೇ ಮಾಡಬಹುದೆಂದು ಎಣಿಸುವವರುಂಟು. 1948ರಲ್ಲಿ ಜಯನಗರ ಬಡಾವಣೆಯು ಆರಂಭವಾದ ತರುವಾಯ ಯಡಿಯೂರು, ಸಾರಕ್ಕಿಗಳ ಸುತ್ತಣ ಹೊಲಗಳು ನಿವೇಶನಗಳಾದುವು. ಒಂದಡಿ ನೆಲಕ್ಕೂ ವ್ಯಾಜ್ಯವು ಹುಟ್ಟುವ ಕಾಲ ಬಂದಿತು. ಗಿಡವು ಬಾಂದುಕಲ್ಲಿಗೆ ಬದಲಾಗಲಾರದು. ಕಡಿದರೆ ಮತ್ತೆ ಚಿಗುರುವ ಗಿಡವನ್ನು ರಾತ್ರಿ ಕಿತ್ತು ಎರಡು ಮೊಳ ಆಚೆಗೆ ನೆಟ್ಟರೆ, ಅದು ಅಲ್ಲಿಯೂ ಚಿಗುರುವುದು! ಆದುದರಿಂದ ಅಳತೆ ಮಾಡಿಸಿ ಕಲ್ಲನ್ನು ನಿಲ್ಲಿಸಿ, ಅನಂತರ ಅಂದಕ್ಕಾಗಿ ಗಿಡವನ್ನು ನೆಡತಕ್ಕದ್ದು. ನೀರಿಲ್ಲದ ಬದುವಿನ ಮೇಲಂತೂ ಇದು ಬೇಸಗೆಯನ್ನು ದಾಟುವುದು ಕಷ್ಟ; ಅಲ್ಲಿಗೆ ಕತ್ತಾಳೆ ಅಥವಾ ಲಕ್ಕಿಯೇ ಮೇಲು.

ಇನ್ನು ಬೇಸಾಯದ ಕ್ರಮ. ಮುಂಗಾರು ಹಿಡಿದ ಮೇಲೆ ಬಲಿತ ಕಾಂಡವನ್ನು ಮೂರು ನಾಲ್ಕು ಅಂಗುಲದ ತುಂಡುಗಳಾಗಿ ಕೊಯ್ದು, ಮರಳು ಬೆರೆಸಿದ ಒಟ್ಲುಪಾತಿಯಲ್ಲಿ ಅಡ್ಡಲಾಗಿ ಮಲಗಿಸಿ, ಅರ್ಧ ಮಟ್ಟಕ್ಕೆ ಮಣ್ಣು ಮುಚ್ಚಬೇಕು. ಪಾತಿಯು ನೆರಳಿನಲ್ಲಿರಲಿ, ತೇವವು ಆರದಿರಲಿ. ಕೆಲವು ವಾರಗಳಲ್ಲಿ ಕಣ್ಣುಗಳು ಒಡೆಯುವುವು. ನಾಲ್ಕೈದು ಎಲೆ ಮೂಡಿ ಬೇರು ಬಿಟ್ಟ ಸಸಿಗಳನ್ನು ಎರಡಡಿ ಅಂತರದಲ್ಲಿ ನೆಡಬಹುದು. ಮೂಲದ ಮೋಟನ್ನು ಕೀಳಬಾರದು. ಅದು ಪುನಃ ಚಿಗುರುವುದು. ಇಲ್ಲಿಯ ಕೆಂಪು ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರವನ್ನು ಸೇರಿಸಿದರೆ ಸಾಕು, ಆದರೆ ನೀರು ನಿಂತರೆ ಬೇರು ಕೊಳೆಯುವುದು.

ಬಣ್ಣದ ವಿಷಯದಲ್ಲಿ ಜನರು ಬಹಳ ಮೋಸಹೋಗುವರು. ಅಂಗಡಿಯಲ್ಲಿ ಕಡುನೇರಳೆಯಾಗಿದ್ದುದು ಮನೆಯಲ್ಲಿ ಹಸುರಾಯಿತೆಂದು ದೂರುವುದುಂಟು. ಗಾಢವಾದ ನೆರಳಿನಲ್ಲಿ ಬಣ್ಣವು ಕುಂದುವುದು, ಮಧ್ಯಾಹ್ನದ ಉರಿಬಿಸಿಲಿನಲ್ಲಿ ಎಲೆಯು ಸುಡುವುದು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ತೆಂಗಿನ ಅಥವಾ ಗೋಡೆಯ ನೆರಳು ಬರುವ ಮೂಡಣ ದಿಕ್ಕೇ ಪ್ರಶಸ್ತವು. ಎಲೆಯ ತುದಿಯು ಕಂದಿದರೆ ಕೊಳವೆಬಾವಿಯ ನೀರಿನ ಲವಣವು ಕಾರಣವಾಗಿರಬಹುದು. ಮಳೆಯ ನೀರನ್ನು ಹಿಡಿದು ಹಾಕಿ ನೋಡಬೇಕು. ಹಿಟ್ಟುತಿಗಣೆಯು ಬಿದ್ದರೆ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸತಕ್ಕದ್ದು.

ಹೂಗುಚ್ಛ ಕಟ್ಟುವವರು ಈ ಎಲೆಗಳನ್ನು ಕೊಳ್ಳುವುದುಂಟು. ಕೊಳ್ಳುವವರನ್ನು ಗೊತ್ತುಮಾಡಿಕೊಳ್ಳದೆ ರಾಗಿಯ ಹೊಲವನ್ನು ಇದಕ್ಕೆ ಬಿಡಬಾರದು. ಇದನ್ನು ತಿಂದ ನಾಯಿ ಬೆಕ್ಕುಗಳು ವಾಂತಿ ಮಾಡುವುವು. ಸವರಿದ ಎಲೆಗಳನ್ನು ಅವು ಸುಳಿದಾಡುವ ಕಡೆ ಎಸೆಯದೆ ಗೊಬ್ಬರದ ಗುಂಡಿಗೆ ಹಾಕತಕ್ಕದ್ದು.